ದ್ರಾಕ್ಷಾ–ಸಾಗರ ಮೀಮಾಂಸೆ: ಸಾರಥಿಯ ಅಧಿಕಾರವನ್ನು ಕುರಿತು

ಬೆಂಗಳೂರಿನಿಂದ ಗೆಳೆಯರು ಬಂದಿಳಿದರೆ ಮೆಲ್ಬರ್ನ್ ಕನ್ನಡಿಗರು ಅವರನ್ನು ಒಂದು ಶನಿವಾರ ಮಾರ್ನಿಂಗ್ಟನ್ ಪೆನಿನ್ಸುಲಾಕ್ಕೆ ಕರೆದೊಯ್ಯಬೇಕೆಂಬ ವಿಧಿ ಶ್ರುತಿಯಲ್ಲೂ ಇಲ್ಲ, ಸ್ಮೃತಿಯಲ್ಲೂ ಇಲ್ಲ. ಆಚಾರದಲ್ಲಿದೆ. ಆಚಾರವೂ ಪ್ರಮಾಣವೇ ಎಂದು ಮೀಮಾಂಸಕರು ಒಪ್ಪಿರುವುದರಿಂದ ಪ್ರಬಂಧ ಮುಂದುವರಿಯಬಹುದು. ನಗರದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಒಂದು ಮಗ್ಗುಲಿಗೆ ಪೋರ್ಟ್ ಫಿಲಿಪ್ ಕೊಲ್ಲಿ, ಇನ್ನೊಂದಕ್ಕೆ ವೆಸ್ಟರ್ನ್ ಪೋರ್ಟ್, ದಕ್ಷಿಣಕ್ಕೆ ಬಾಸ್ ಜಲಸಂಧಿ. ಮೂರು ಕಡೆ ನೀರು, ನಡುವೆ ವೈನ್: ಇದು ಕ್ಷೇತ್ರಲಕ್ಷಣ.

ಮೊದಲನೆಯದು ಅಧಿಕಾರಿ ವಿಚಾರ. ವಿಕ್ಟೋರಿಯಾ ರಾಜ್ಯದಲ್ಲಿ ಪೂರ್ಣ ಲೈಸೆನ್ಸ್ ಇದ್ದವರ ರಕ್ತದಲ್ಲಿ ಆಲ್ಕೋಹಾಲ್ 0.05 ಮುಟ್ಟುವಂತಿಲ್ಲ, ಹೊಸಬರಿಗೆ ಸೊನ್ನೆಯೇ ಗತಿ. ಆದ್ದರಿಂದ ಐವರ ಗುಂಪಿನಲ್ಲಿ ಒಬ್ಬ ಸಾರಥಿಯಾಗಲೇಬೇಕು. ಉಳಿದ ನಾಲ್ವರು ರಸಿಕರು. ಯಾರು ಸಾರಥಿ ಎಂಬುದು ಸಾಮಾನ್ಯವಾಗಿ ಹಿಂದಿನ ರಾತ್ರಿಯೇ, ಅವನು ಕೈ ತೊಳೆಯಲು ಎದ್ದುಹೋದಾಗ, ಸರ್ವಾನುಮತದಿಂದ ನಿಶ್ಚಯವಾಗಿರುತ್ತದೆ. ಈ ಕ್ಷೇತ್ರವನ್ನು ನಿಜವಾಗಿ ಕಂಡವನು ಅವನೊಬ್ಬನೇ ಎಂಬುದು ಪ್ರಬಂಧದ ಪ್ರತಿಜ್ಞೆ.

ರೆಡ್ ಹಿಲ್ ಸುತ್ತಿನ ತಂಪು ಹವೆ ಪಿನೋ ನ್ವಾರ್ ಎಂಬ ತೆಳುಸಿಪ್ಪೆಯ, ಬಹಳ ನಾಜೂಕಿನ ದ್ರಾಕ್ಷಿಗೆ ಒಗ್ಗುತ್ತದೆ. ‘ಟೆನ್ ಮಿನಿಟ್ಸ್ ಬೈ ಟ್ರ್ಯಾಕ್ಟರ್’ ಎಂಬ ವೈನರಿಗೆ ಆ ಹೆಸರು ಬಂದದ್ದು ಅದರ ಮೂರು ಮೂಲ ತೋಟಗಳು ಒಂದಕ್ಕೊಂದು ಟ್ರ್ಯಾಕ್ಟರಿನಲ್ಲಿ ಹತ್ತು ನಿಮಿಷದ ದೂರದಲ್ಲಿದ್ದುದರಿಂದ. ರುಚಿ ನೋಡಿದ ನಂತರ ಎಷ್ಟು ನಿಮಿಷ ಎಂಬ ಬಗ್ಗೆ ಫಲಕ ಮೌನವಾಗಿದೆ.

ಇನ್ನು ಪ್ರಯೋಗವಿಧಿ. ಲೋಟವನ್ನು ಕಾಂಡದಲ್ಲೇ ಹಿಡಿಯಬೇಕು, ವಾಲಿಸಬೇಕು, ತಿರುವಬೇಕು, ಮೂಗನ್ನು ಒಳಗೆ ಇಳಿಬಿಡಬೇಕು. ತಿರುವಿದಾಗ ಒಳಗೋಡೆಯಲ್ಲಿ ಹನಿಗಳು ಸಾಲಾಗಿ ಇಳಿಯುತ್ತವೆ. ಆಲ್ಕೋಹಾಲ್ ಬೇಗ ಆವಿಯಾಗಿ, ಉಳಿದ ದ್ರವದ ಮೇಲ್ಮೈ ಎಳೆತ ಹೆಚ್ಚುವುದರಿಂದ ಹೀಗಾಗುತ್ತದೆ ಎಂದು ಜೇಮ್ಸ್ ಥಾಮ್ಸನ್ 1855ರಲ್ಲೇ ವಿವರಿಸಿದ್ದಾನೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಪ್ರತಿ ಗುಂಪಿನಲ್ಲೂ ಒಬ್ಬ ರಸಿಕ ಲೋಟವನ್ನು ಬೆಳಕಿಗೆ ಹಿಡಿದು “ಬಾಡಿ ಚೆನ್ನಾಗಿದೆ” ಅನ್ನುತ್ತಾನೆ. ಚೆರ್ರಿ, ಒದ್ದೆ ಮಣ್ಣು, ಅಣಬೆ ಎಂದು ಅವನಿಗೆ ಹೊಳೆಯುವುದು ಪ್ರತ್ಯಕ್ಷದಿಂದಲ್ಲ, ಕೌಂಟರಿನ ಮೇಲಿನ ಚೀಟಿಯೆಂಬ ಶಬ್ದಪ್ರಮಾಣದಿಂದ. ನಗುವಂತಿಲ್ಲ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೇ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ಅವರೂ ಕೆಂಪು ವೈನಿನ ಪರಿಮಳಗಳನ್ನೇ ವರ್ಣಿಸಿದ್ದರು. 2001ರಲ್ಲಿ ಪ್ರಕಟವಾದ ಆ ಪ್ರಯೋಗ ಜಗತ್ಪ್ರಸಿದ್ಧ.

ವಿಧಿಯ ಕೊನೆಯ ಅಂಗ ಉಗಿಯುವುದು. ಇಲ್ಲಿಗೆ ಬಂದಾಗ ಶಾಸ್ತ್ರವೂ ಸಂಪ್ರದಾಯವೂ ಕೊಂಬಿಗೆ ಕೊಂಬು ಹಚ್ಚುತ್ತವೆ. ಕೌಂಟರಿನ ನಡುವೆ ಒಂದು ಪಾತ್ರೆ; ಅದರಲ್ಲಿ ಬೆಳಗಿನಿಂದ ಬಂದು ಹೋದವರೆಲ್ಲರ ಎಂಜಲು. ಅದರ ಹತ್ತಿರ ಬಾಗುವುದೇ ಮಡಿವಂತ ಮನೆತನದವರಿಗೆ ಸಂಕಟ. ಮಡಿಯನ್ನು ಎಂದೋ ಬಿಟ್ಟವರದು ಬೇರೆ ಪೂರ್ವಪಕ್ಷ: “ಡಾಲರ್ ಕೊಟ್ಟಿದ್ದನ್ನ ಉಗಿಯೋದು ಯಾವ ಸೀಮೆ ಧರ್ಮ ಮಾರಾಯಾ?” ಇದಕ್ಕೆ ಈವರೆಗೆ ಯಾರೂ ಸಿದ್ಧಾಂತ ಹೇಳಿಲ್ಲ. ಪಾತ್ರೆಗೆ ಒಂದು ಹನಿಯೂ ಸೇರದೆ, ಹೊಟ್ಟೆ ಮಾತ್ರ ತುಂಬಿ ಗುಂಪು ಕಾರು ಹತ್ತುತ್ತದೆ.

ಮಧ್ಯಾಹ್ನದ ಸಾಗರಕಾಂಡದಲ್ಲಿ ರಸಿಕರ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಆರ್ಥರ್ಸ್ ಸೀಟ್ ಬೆಟ್ಟದ ಗೊಂಡೋಲಾದಲ್ಲಿ ಇಬ್ಬರು ನಿದ್ದೆ ಹೋಗಿರುತ್ತಾರೆ. ಕೇಪ್ ಶಾಂಕ್‌ನಲ್ಲಿ 1859ರ ದೀಪಸ್ತಂಭವನ್ನು ಮೂರನೆಯವನು ಎರಡೆಂದು ಎಣಿಸುತ್ತಾನೆ. ಸೊರೆಂಟೋ ಬಳಿ 1803ರಲ್ಲಿ ಬ್ರಿಟಿಷರು ಕೈದಿಗಳನ್ನು ತಂದು ವಸಾಹತು ಹೂಡಿ, ಸಿಹಿನೀರು ಸಾಲದೆ, ಮಣ್ಣೂ ಕೈಕೊಟ್ಟು, ಕೆಲವೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿದರು. ಈಗ ಅದೇ ಪರ್ಯಾಯ ದ್ವೀಪದಲ್ಲಿ 50ಕ್ಕೂ ಹೆಚ್ಚು ಕಡೆ ವೈನ್ ರುಚಿ ನೋಡಬಹುದು. ಇದನ್ನು ಸಾರಥಿ ಉತ್ಸಾಹದಿಂದ ವಿವರಿಸುತ್ತಾನೆ. ಕೇಳುವ ಅರ್ಜುನರೆಲ್ಲ ಹಿಂದಿನ ಸೀಟಿನಲ್ಲಿ ಗೊರಕೆ.

ಪೋರ್ಟ್‌ಸಿ ಹತ್ತಿರದ ಶೆವಿಯಟ್ ಬೀಚಿನ ಸಂಗತಿಗೆ ಮಾತ್ರ ಎಲ್ಲರೂ ಎಚ್ಚರಗೊಳ್ಳುತ್ತಾರೆ. 1967ರ ಡಿಸೆಂಬರ್ 17ರಂದು ಆಸ್ಟ್ರೇಲಿಯಾದ ಪ್ರಧಾನಿ ಹೆರಾಲ್ಡ್ ಹೋಲ್ಟ್ ಅಲ್ಲಿ ಈಜಲು ಇಳಿದವರು ಮರಳಿ ಬರಲಿಲ್ಲ, ದೇಹವೂ ಸಿಗಲಿಲ್ಲ. ಅವರ ನೆನಪಿಗೆ ಮೆಲ್ಬರ್ನಿನಲ್ಲಿ ಒಂದು ಈಜುಕೊಳವಿದೆ. ಪ್ರಬಂಧದಲ್ಲಿ ಅಣಕಿಗೆಂದು ಕಟ್ಟಿದ ಮಾತು ಬೇಕಾದಷ್ಟಿದೆ, ಇದು ಮಾತ್ರ ಅದಲ್ಲ.

ಉಳಿದದ್ದು ಪರಿಶಿಷ್ಟ: ಬಾಟಲಿಗಳ ಗಣಿತ. ರುಚಿಯ ಶುಲ್ಕ ವಾಪಸಾಗುತ್ತದೆಂಬ ಆಸೆಗೆ ಬೆಂಗಳೂರಿನ ಗೆಳೆಯ ಮೂರು ಬಾಟಲಿ ಕೊಂಡಿರುತ್ತಾನೆ. ಒಂದರಲ್ಲಿ 750 ಮಿಲಿ. ಒಟ್ಟು ಎರಡೂಕಾಲು ಲೀಟರ್. ಭಾರತದ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ಎರಡು ಲೀಟರ್. ಹೆಚ್ಚುವರಿ ಕಾಲು ಲೀಟರನ್ನಷ್ಟೇ ಹೊರತೆಗೆಯುವ ಉಪಾಯ ಯಾವ ನ್ಯಾಯದಲ್ಲೂ ಇಲ್ಲದ್ದರಿಂದ ಹೊರಡುವ ಹಿಂದಿನ ರಾತ್ರಿ ಮೂರನೆಯ ಬಾಟಲಿಯ ಬಿರಡೆ ಬಿಚ್ಚಲಾಗುತ್ತದೆ. ಅಂದು ಯಾರೂ ಎಲ್ಲಿಗೂ ಹೋಗಬೇಕಿಲ್ಲವಾಗಿ ಸಾರಥಿಗೂ ಒಂದು ಲೋಟ. ನಾಲ್ವರು ರಸಿಕರೂ ಅವನ ಮುಖವನ್ನೇ ನೋಡುತ್ತಿರಲು ಆತ ಗುಟುಕರಿಸಿ, ಬಾಯಲ್ಲಿ ಆಡಿಸಿ, ನುಂಗಿ, “ಹುಳಿ ಸ್ವಲ್ಪ ಮುಂದಿದೆ” ಎಂದು ಪುಳಿಯೋಗರೆಯ ಡಬ್ಬಿಗೆ ಕೈಹಾಕುತ್ತಾನೆ.