ಸ್ಯಾಶ್ ಗವಾಕ್ಷ ಮೀಮಾಂಸೆ

ಗ್ರಂಥಾರಂಭದಲ್ಲಿ ವಿಘ್ನನಿವಾರಣೆಗೆಂದು ಗಣಪತಿಯನ್ನು ಸ್ತುತಿಸುವುದು ಶಿಷ್ಟರ ಪದ್ಧತಿ. ಇಂಗ್ಲೆಂಡಿನ ಕಿಟಕಿಯ ವಿಷಯದಲ್ಲಿ ವಿಘ್ನವನ್ನು ಒಡ್ಡುವವನೂ ನಿವಾರಿಸುವವನೂ ಸ್ಥಳೀಯ ಕೌನ್ಸಿಲ್ಲಿನ ಕನ್ಸರ್ವೇಶನ್ ಆಫೀಸರನೇ ಆದಕಾರಣ, ಆ ಮಹಾನುಭಾವನಿಗೆ ಮೊದಲ ನಮಸ್ಕಾರ ಸಲ್ಲಿಸಿ ಈ ಶಾಸ್ತ್ರಕ್ಕೆ ತೊಡಗುತ್ತೇವೆ.

ಯಾವ ಶಾಸ್ತ್ರಕ್ಕಾದರೂ ಅನುಬಂಧ ಚತುಷ್ಟಯ ಬೇಕು. ಇಲ್ಲಿ ಅಧಿಕಾರಿ ಯಾರೆಂದರೆ, ಕೆಲಸ ಹಿಡಿದು ಕರ್ನಾಟಕದಿಂದ ಹೋಗಿ, ಇಪ್ಪತ್ತೈದು ವರ್ಷದ ಸಾಲಕ್ಕೆ ಸಹಿ ಹಾಕಿ, ವಿಕ್ಟೋರಿಯಾ ರಾಣಿಯ ಕಾಲದ ಕೆಂಪಿಟ್ಟಿಗೆಯ ಸಾಲುಮನೆಯೊಂದನ್ನು ಕೊಂಡು, ಜನವರಿಯಲ್ಲಿ ಕಂಬಳಿ ಹೊದ್ದು ಟಿವಿ ನೋಡುತ್ತಿರುವ ಗೃಹಸ್ಥ. ವಿಷಯ, ಅವನ ಮನೆಯ ಕಿಟಕಿ. ಪ್ರಯೋಜನ, ಬೆಚ್ಚಗಿರುವುದು. ಇನ್ನು ಸಂಬಂಧ: ಕಾನೂನಿನ ಕಣ್ಣಿನಲ್ಲಿ ಈ ವಿಷಯಕ್ಕೂ ಈ ಪ್ರಯೋಜನಕ್ಕೂ ಹೆಚ್ಚಿನ ಸಂಬಂಧವೇನಿಲ್ಲ.

ಮೊದಲ ಸೂತ್ರ. ಒಳಗೆ ವಾಸಿಸುವವನಿಗಿಂತ ಹೊರಗೆ ನಾಯಿ ಹಿಡಿದುಕೊಂಡು ಹೋಗುವವನಿಗೆ ಮನೆಯ ಮೇಲೆ ಎಲ್ಲಿ ಹೆಚ್ಚು ಹಕ್ಕಿದೆಯೋ ಅದು ಸಂರಕ್ಷಿತ ಪ್ರದೇಶ.

ಭಾಷ್ಯ. ಚರ್ಚಿಲ್ಲರಿಗೆ ಒಂದು ಕಾಲಕ್ಕೆ ಅಳಿಯನಾಗಿದ್ದ ಡಂಕನ್ ಸ್ಯಾಂಡ್ಸ್ ಎಂಬ ಸಂಸದರು ಹಟಹಿಡಿದು ಮಾಡಿಸಿದ 1967ರ ಸಿವಿಕ್ ಅಮೆನಿಟೀಸ್ ಕಾಯ್ದೆಯೇ ಈ ಮತದ ಮೂಲ. ಅದೇ ವರ್ಷ ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್ ಊರಿಗೆ ಮೊದಲ ದೀಕ್ಷೆಯಾಯಿತು. ಈಗ ಇಂಗ್ಲೆಂಡ್ ಒಂದರಲ್ಲೇ ಇಂಥ ಪ್ರದೇಶಗಳು ಸುಮಾರು 10,000 ಇವೆ. 1990ರ ಕಾಯ್ದೆಯ ಪ್ರಕಾರ ಕಾಪಾಡಬೇಕಾದದ್ದು ಪ್ರದೇಶದ ಗುಣವನ್ನು ಅಥವಾ ರೂಪವನ್ನು. ನಮ್ಮ ನೈಯಾಯಿಕರಾದರೆ ದ್ರವ್ಯವನ್ನು ಬಿಟ್ಟು ಗುಣ ನಿಲ್ಲುವುದೆಲ್ಲಿ ಎಂದು ಕೇಳಿ ಮೂರು ತಲೆಮಾರು ಜಗಳವಾಡುತ್ತಿದ್ದರು. ಅಲ್ಲಿ ಹೌಸ್ ಆಫ್ ಲಾರ್ಡ್ಸ್ 1992ರಲ್ಲಿ, ಹಾನಿ ಮಾಡದೆ ಇದ್ದರೂ ಕಾಪಾಡಿದಂತೆಯೇ ಎಂದು ಒಂದೇ ಮಾತಿನಲ್ಲಿ ಮುಗಿಸಿತು. ಈ ತೀರ್ಪನ್ನು ಓದಿದ ಗೃಹಸ್ಥನು, ತಾನು ಇಷ್ಟು ದಿನ ಏನೂ ಮಾಡದೆ ಸೋಫಾದ ಮೇಲೆ ಕೂತಿದ್ದದ್ದೂ ಪರಂಪರೆಯ ಸೇವೆಯೇ ಎಂದು ಹೆಂಡತಿಗೆ ತಿಳಿಸಿದನು. ಆಕೆ ಒಪ್ಪಲಿಲ್ಲ.

ಎರಡನೆಯ ಸೂತ್ರ. ಹಕ್ಕು ಉಂಟು, ನಾಲ್ಕನೆಯ ವಿಧಿ ಬಂದಲ್ಲಿ ಇಲ್ಲ, ಫ್ಲ್ಯಾಟಿನವನಿಗೆ ಮೊದಲೇ ಇಲ್ಲ.

ಇಲ್ಲಿ ಪೂರ್ವಪಕ್ಷಿಯಾಗಿ ಬರುವವರು ದಾವಣಗೆರೆಯಿಂದ ವಿಡಿಯೋ ಕಾಲ್ ಮಾಡಿರುವ ಅತ್ತೆಯವರು. "ಅಲ್ಲಪ್ಪಾ, ನಿಮ್ ಮನಿಗೆ ನೀವು ಕಿಟಕಿ ಹಾಕ್ಸಾಕ ಸರ್ಕಾರನ್ನ ಯಾಕ ಕೇಳ್ಬೇಕು?" ಪ್ರಶ್ನೆ ಸಾಧುವಾದದ್ದೇ. ಒಂದೇ ಕುಟುಂಬ ವಾಸಿಸುವ, ಸರ್ಕಾರದ ರಕ್ಷಿತ ಕಟ್ಟಡಗಳ (ಲಿಸ್ಟೆಡ್) ಪಟ್ಟಿಗೆ ಸೇರದ ಮನೆಯಾದರೆ, ಸಂರಕ್ಷಿತ ಪ್ರದೇಶದಲ್ಲಿದ್ದ ಮಾತ್ರಕ್ಕೆ ಕಿಟಕಿ ಬದಲಿಸಲು ಪ್ಲಾನಿಂಗ್ ಪರ್ಮಿಷನ್ ಬೇಕಿಲ್ಲ; ಹೊಸದು ನೋಡಲು ಹಳೆಯದರ ಹಾಗೆ ಇದ್ದರೆ ಸಾಕು. ಆದರೆ ಕೌನ್ಸಿಲ್ಲು ಆರ್ಟಿಕಲ್ 4 ಎಂಬ ನಿರ್ದೇಶನವನ್ನು ಹೊರಡಿಸಿದ ಬೀದಿಯಲ್ಲಿ ಈ ಸ್ವಾತಂತ್ರ್ಯ ಹಿಂದಕ್ಕೆ ಹೋಗುತ್ತದೆ. ಅದೂ ಸಾಮಾನ್ಯವಾಗಿ ಬೀದಿಗೆ ಕಾಣುವ ಮುಖಕ್ಕೆ ಮಾತ್ರ. ಆದ್ದರಿಂದಲೇ ಎಷ್ಟೋ ಮನೆಗಳಿಗೆ ಮುಂದೆ ಮರ, ಹಿಂದೆ ಪ್ಲಾಸ್ಟಿಕ್ಕು. ಹಿತ್ತಲಿನಲ್ಲಿ ಬಟ್ಟೆ ಒಣಹಾಕಿ ನಿಂತು ನೋಡಿದರೆ ಇಡೀ ಸಾಲು ಬಿಳಿ ಯುಪಿವಿಸಿಯಲ್ಲಿ ಹಲ್ಲುಕಿಸಿಯುತ್ತದೆ. ಮುಂದಿನ ರಸ್ತೆಯಲ್ಲಿ ಅದೇ ಸಾಲು 1885ನೇ ಇಸವಿ.

"ಹಂಗಾರ ಎದುರುಮನಿಯವ್ರು ಪ್ಲಾಸ್ಟಿಕ್ ಹಾಕ್ಸ್ಯಾರಲ್ಲಾ?" ಎಂದು ಅತ್ತೆಯವರು ಎರಡನೆಯ ಆಕ್ಷೇಪವೆತ್ತಿದರು. ಅವರು ನಿರ್ದೇಶನ ಬರುವ ಮುಂಚೆ ಹಾಕಿಸಿದ್ದು. ಪೂರ್ವಜನ್ಮದ ಪುಣ್ಯ.

ಈಗ ಗವಾಕ್ಷದ ಅಂಗಗಳನ್ನು ವಿವರಿಸಬೇಕು. ಮುಖ್ಯ ಅಧಿಕರಣ ಇದೇ ಆದ್ದರಿಂದ ಓದುಗರು ಕಾಲು ಚಾಚಿ ಕೂರಬಹುದು.

ನಮ್ಮ ಕಿಟಕಿಗೆ ಕೀಲಿರುತ್ತದೆ, ಬಾಗಿಲು ಹೊರಕ್ಕೋ ಒಳಕ್ಕೋ ತೆರೆಯುತ್ತದೆ. ಸ್ಯಾಶ್ ಕಿಟಕಿಗೆ ಕೀಲೇ ಇಲ್ಲ. ಗಾಜು ಕೂರಿಸಿದ ಎರಡು ಚೌಕಟ್ಟುಗಳು ಒಂದರ ಹಿಂದೊಂದು ನಿಂತು, ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಅಷ್ಟು ಭಾರದ್ದು ಬೆರಳ ತುದಿಯಲ್ಲಿ ಏಳುವುದು ಹೇಗೆ? ಅಕ್ಕಪಕ್ಕದ ಪೊಳ್ಳು ಪೆಟ್ಟಿಗೆಯೊಳಗೆ ಎರಕದ ಕಬ್ಬಿಣದ ತೂಕಗಳು ಹಗ್ಗಕ್ಕೆ ನೇತುಬಿದ್ದಿವೆ. ಹಗ್ಗ ಮೇಲಿನ ಸಣ್ಣ ರಾಟೆಯ ಮೇಲೆ ಹಾದು ಚೌಕಟ್ಟಿಗೆ ಬಂದು ಸೇರುತ್ತದೆ. ಬಾವಿಯ ರಾಟೆಯನ್ನು ಯಾರೋ ಮಡಿಸಿ ಗೋಡೆಯೊಳಗೆ ಬಚ್ಚಿಟ್ಟಂತೆ. ಪೆಟ್ಟಿಗೆಯ ಬದಿಯಲ್ಲಿ, ಬಣ್ಣದ ಪದರಗಳ ಕೆಳಗೆ, ಒಂದು ಸಣ್ಣ ಮರದ ಮುಚ್ಚಳವಿರುತ್ತದೆ. ಹಗ್ಗ ಹರಿದಾಗ ಬಡಗಿ ಉಳಿಯ ತುದಿಯಿಂದ ಅದನ್ನು ಎಬ್ಬಿಸಿ, ಕೈಹಾಕಿ, ತಳದಲ್ಲಿ ಬಿದ್ದ ತೂಕವನ್ನು ಹುಡುಕುತ್ತಾನೆ. ತೂಕದ ಜೊತೆಗೆ ನೂರು ವರ್ಷದ ಧೂಳು, ಪುಟ್ಟಿಯ ಚೂರು, ಹಿಂದಿನವನು ಕಟ್ಟಿದ ಗಂಟು, ಎಲ್ಲ ಸಿಗುತ್ತದೆ. ಹೊಸ ಹಗ್ಗ ಪೋಣಿಸಿ ಮುಚ್ಚಳ ಕೂರಿಸಿದರೆ ಕಿಟಕಿ ಮತ್ತೆ ಓಡಾಡುತ್ತದೆ.

ಮೇಲಿನದನ್ನು ಒಂದಿಷ್ಟು ಇಳಿಸಿ, ಕೆಳಗಿನದನ್ನು ಒಂದಿಷ್ಟು ಏರಿಸಿದರೆ, ಬಿಸಿಗಾಳಿ ಮೇಲಿಂದ ಹೊರಗೆ ಹೋಗಿ ತಂಗಾಳಿ ಕೆಳಗಿಂದ ಒಳಗೆ ಬರುತ್ತದೆ. ವಿಕ್ಟೋರಿಯನ್ನರು ಇದನ್ನು ಒಗ್ಗರಣೆಗೆಂದು ಮಾಡಿದ್ದಲ್ಲ. ಆದರೆ ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕ್ಷಣದಲ್ಲಿ ಇಂಗ್ಲೆಂಡಿನ ಬೇರಾವ ವಾಸ್ತುಸಾಧನವೂ ಕನ್ನಡಿಗರಿಗೆ ಇಷ್ಟು ಒದಗಿಬಂದಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ.

ಇಲ್ಲೊಂದು ವಿಷಾದದ ಟಿಪ್ಪಣಿ. ಜಾರುವುದೇ ಸ್ಯಾಶಿನ ಸ್ವಧರ್ಮ. ತಲೆಮಾರಿಗೊಬ್ಬರಂತೆ ಬಂದವರೆಲ್ಲ ಸಂದಿಯನ್ನೂ ಬಿಡದೆ ಬಣ್ಣ ಹೊಡೆದು ಹೊಡೆದು, ಜಂಗಮವಾಗಿದ್ದದ್ದನ್ನು ಸ್ಥಾವರ ಮಾಡಿಟ್ಟಿದ್ದಾರೆ. ಈ ಸಂದರ್ಭಕ್ಕೆ ಬಸವಣ್ಣನವರ ಮಾತನ್ನು ಉದ್ಧರಿಸುವ ಆಸೆಯಿತ್ತು. ಅವರೇ 2015ರಿಂದ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ ಪ್ರತಿಮೆಯಾಗಿ ನಿಂತಿರುವುದರಿಂದ ಸಂಕೋಚವಾಗಿ ಬಿಟ್ಟೆವು.

ಕಾಲನಿರ್ಣಯ. ಕಿಟಕಿಯನ್ನು ನೋಡಿ ಮನೆಯ ವಯಸ್ಸು ಹೇಳುವ ವಿದ್ಯೆ ಜ್ಯೋತಿಷ್ಯಕ್ಕಿಂತ ಖಚಿತ. 1666ರ ಲಂಡನ್ ಬೆಂಕಿಯ ಭಯ ನಗರವನ್ನು ಬಹುಕಾಲ ಕಾಡಿತು. 1709ರ ಕಾಯ್ದೆ ಲಂಡನ್ನಿನಲ್ಲಿ ಮರದ ಚೌಕಟ್ಟನ್ನು ಗೋಡೆಯ ಮುಖದಿಂದ ನಾಲ್ಕು ಇಂಚು ಹಿಂದಕ್ಕೆ ತಳ್ಳಿತು, 1774ರದ್ದು ಪೆಟ್ಟಿಗೆಯನ್ನೇ ಇಟ್ಟಿಗೆಯ ಹಿಂದೆ ಅಡಗಿಸಿತು. ಗಾಜಿನ ತುಂಡುಗಳ ನಡುವಿನ ಮರದ ಪಟ್ಟಿ ದಪ್ಪಗಿದ್ದರೆ ಹದಿನೆಂಟನೆಯ ಶತಮಾನದ ಆರಂಭ. ಅರ್ಧ ಇಂಚಿಗೆ ಸೊರಗಿದ್ದರೆ ಹತ್ತೊಂಬತ್ತರ ಆರಂಭ. ಇಟ್ಟಿಗೆಯಿಂದ ಮುಚ್ಚಿಬಿಟ್ಟ ಕಿಟಕಿ ಕಂಡರೆ 1696ರಿಂದ 1851ರವರೆಗೆ ನಡೆದ ಕಿಟಕಿ ತೆರಿಗೆಯನ್ನು ನೆನೆಯಬೇಕು. ಆಗ ಬೆಳಕಿಗೆ ತೆರಿಗೆ ಕಟ್ಟಲಾಗದೆ ಜನ ಕಿಟಕಿ ಮುಚ್ಚಿದರು. ಈಗ ಆ ಮುಚ್ಚಿದ ಇಟ್ಟಿಗೆಯೂ ಪ್ರದೇಶದ ಗುಣಕ್ಕೆ ಸೇರುತ್ತದೆ. ತೆರಿಗೆ ತಪ್ಪಿಸಿದವರಿಗೆ ಇಷ್ಟು ದೊಡ್ಡ ಸ್ಮಾರಕ ಬೇರೆ ಯಾವ ದೇಶದಲ್ಲಿದೆಯೋ!

ದೊಡ್ಡ ಗಾಜು ಅಗ್ಗವಾದ ಮೇಲೆ ನಡುವಿನ ಪಟ್ಟಿಗಳು ಹೋದವು, ಭಾರ ತಾಳಲು ಮೇಲಿನ ಚೌಕಟ್ಟಿನ ಎರಡು ತುದಿಗಳಲ್ಲಿ ಕೊಂಬು ಮೂಡಿತು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಕಿಟಕಿಗೆ ಕೊಂಬಿಲ್ಲ. ಈ ಸೂಕ್ಷ್ಮ ತಿಳಿಯದ ಮಾರಾಟಗಾರರು ಜಾರ್ಜಿಯನ್ ಮಾದರಿ ಎಂದು ಹೇಳಿ ಕೊಂಬಿರುವ ಪ್ಲಾಸ್ಟಿಕ್ ಕಿಟಕಿ ಮಾರುತ್ತಾರೆ, ಮೇಲೆ ಗಾಜಿಗೆ ಪಟ್ಟಿಯನ್ನೂ ಅಂಟಿಸಿ ಕೊಡುತ್ತಾರೆ. ಕನ್ಸರ್ವೇಶನ್ ಆಫೀಸರು ಇಂಥದ್ದನ್ನು ಬೀದಿಯ ಆ ಕಡೆಯಿಂದಲೇ ಕಂಡು ನಿಟ್ಟುಸಿರು ಬಿಡುತ್ತಾರೆ.

ನಮ್ಮ ಗೃಹಸ್ಥನ ಮನೆಗೂ ಒಬ್ಬರು ಬಂದಿದ್ದರು. ಕೊಡೆ, ಕಡತ, ಟೇಪು. ಕಿಟಕಿಯನ್ನು ಅವರು ಮುಟ್ಟಲಿಲ್ಲ. ಪಾದಚಾರಿ ದಾರಿಯಲ್ಲಿ ನಿಂತು, ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸುತ್ತ, ಗಾಜಿನಲ್ಲಿ ಬಿದ್ದ ಎದುರುಮನೆಯ ಚಿಮಣಿಯನ್ನೇ ನೋಡಿದರು. ಚಿಮಣಿ ನಡುಗಿತು, ಬಳುಕಿತು, ಒಂದು ಕಡೆ ಮುರಿದು ಮತ್ತೆ ಕೂಡಿಕೊಂಡಿತು. ಬಾಯಿಂದ ಊದಿ ಮಾಡಿದ ಗಾಜಿನ ಲಕ್ಷಣ ಅದು. 1959ರಲ್ಲಿ ಪಿಲ್ಕಿಂಗ್ಟನ್ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಬಂದ ಗಾಜಿನಲ್ಲಿ ಚಿಮಣಿ ನೆಟ್ಟಗೆ ನಿಲ್ಲುತ್ತದೆ. ಜೋಡಿ ಗಾಜಾದರೆ ಚಿಮಣಿ ಎರಡು. ಆಫೀಸರು ಕಡತದಲ್ಲಿ ಏನೋ ಬರೆದುಕೊಂಡರು. ಒಳಗಿನಿಂದ ಹೆಂಡತಿ ಪಿಸುಗುಟ್ಟಿದಳು: "ರೀ, ಒಳಗೆ ಕರೀರಿ, ಚಳೀಲಿ ನಿಂತಿದಾರೆ." "ಒಳಗೂ ಅಷ್ಟೇ ಚಳಿ ಇದೆ ಕಣೆ," ಎಂದ ಗೃಹಸ್ಥ.

ಮೂರನೆಯ ಸೂತ್ರ. ಗಾಜು ಒಂದೋ ಎರಡೋ ಎಂಬಲ್ಲಿ ಮತಭೇದ.

ಒಂಟಿ ಗಾಜಿನವರು ಅದ್ವೈತಿಗಳು. ಇರುವುದು ಒಂದೇ, ಶೀತೋಷ್ಣಗಳ ಭೇದ ಅಜ್ಞಾನಜನ್ಯ, ಸ್ವೆಟರ್ ಧರಿಸುವುದೇ ಸಾಧನೆ. ಡಬಲ್ ಗ್ಲೇಜಿಂಗಿನವರು ದ್ವೈತಿಗಳು. ಹೊರಗಾಜು ಬೇರೆ, ಒಳಗಾಜು ಬೇರೆ, ಎರಡೂ ಎಂದೆಂದೂ ಕೂಡವು, ನಡುವೆ ಆರ್ಗಾನ್ ಅನಿಲ. ಇವರ ಗಾಜಿನ ಕಟ್ಟು ಸಾಮಾನ್ಯವಾಗಿ 24ರಿಂದ 28 ಮಿಲಿಮೀಟರ್ ದಪ್ಪ. ಅದನ್ನು ಹೊರಲು ಹಳೆಯ ಸಣ್ಣ ಪಟ್ಟಿಗೆ ಶಕ್ತಿಯಿಲ್ಲ. ಇದಕ್ಕೆ ಪರಿಹಾರವಾಗಿ ಬಂದವರು ವಿಶಿಷ್ಟಾದ್ವೈತಿಗಳು: ತೆಳು ಗಾಜುಗಳೆರಡನ್ನು ಒತ್ತೊತ್ತಾಗಿಟ್ಟು, ಒಟ್ಟು ದಪ್ಪವನ್ನು ಹನ್ನೆರಡು ಮಿಲಿಮೀಟರಿನ ಆಸುಪಾಸಿಗೆ ತಂದು, ದೂರದಿಂದ ಒಂದೇ ಎನ್ನಿಸುವ ಎರಡನ್ನು ಸಾಧಿಸಿದ್ದಾರೆ. ಕೆಲವು ಕೌನ್ಸಿಲ್ಲುಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ನಾಲ್ಕನೆಯವರು ಭೇದಾಭೇದವಾದಿಗಳು. ಇವರು ಹಳೆಯ ಕಿಟಕಿಯನ್ನು ಮುಟ್ಟದೆ, ಅದರ ಹಿಂದೆ ಕೋಣೆಯ ಕಡೆಯಿಂದ ಮತ್ತೊಂದು ಗಾಜಿನ ಚೌಕಟ್ಟು ಕೂರಿಸುವ ಸೆಕೆಂಡರಿ ಗ್ಲೇಜಿಂಗ್ ಪಂಥದವರು. ಇವರನ್ನು ಮೊದಲಿಗೆ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಶ್ರುತಿವಿರೋಧವೂ ಇದೆ. ಬದಲಿ ಕಿಟಕಿಯಿಂದ ಶಾಖ ಸೋರುವ ಪ್ರಮಾಣ, ಯು-ವ್ಯಾಲ್ಯೂ ಎಂಬ ಅಳತೆಯಲ್ಲಿ, 1.4ರ ಮೇಲೆ ಹೋಗಬಾರದು ಎಂದು ಇಂಗ್ಲೆಂಡಿನ ಕಟ್ಟಡ ನಿಯಮ 2022ರಿಂದ ವಿಧಿಸುತ್ತದೆ. ಒಂಟಿ ಗಾಜಿನದ್ದು ಸುಮಾರು 5. ಹೀಗೆ ಒಂದೇ ಕೌನ್ಸಿಲ್ಲಿನ ಒಂದು ಟೇಬಲ್ಲು ಬೆಚ್ಚಗಿರು ಎನ್ನುತ್ತದೆ, ಪಕ್ಕದ ಟೇಬಲ್ಲು ಇದ್ದಹಾಗೆ ಇರು ಎನ್ನುತ್ತದೆ. ಸಮನ್ವಯವಾಕ್ಯ ಆ ನಿಯಮದಲ್ಲೇ ಸಿಗುತ್ತದೆ: ಸಂರಕ್ಷಿತ ಪ್ರದೇಶದಲ್ಲಿ ಅಂದಗೆಡದಷ್ಟು ಮಟ್ಟಿಗೆ ಪಾಲಿಸಿದರೆ ಸಾಕು. ಎಷ್ಟು ಮಟ್ಟಿಗೆ ಎಂಬುದಕ್ಕೆ ಮತ್ತೆ ಎರಡೂ ಟೇಬಲ್ಲಿಗೆ ಹೋಗಬೇಕು.

ಕರ್ಮವಿಪಾಕ. ಹೇಳದೆ ಕೇಳದೆ ಪ್ಲಾಸ್ಟಿಕ್ ಹಾಕಿಸಿ ನಾಲ್ಕು ವರ್ಷ ಬಾಯಿಮುಚ್ಚಿಕೊಂಡಿದ್ದರೆ ಮೊದಲು ಪಾಪಕ್ಷಯವಾಗುತ್ತಿತ್ತು. 2024ರ ಏಪ್ರಿಲ್ 25ರಿಂದ ಅದು ಹತ್ತು ವರ್ಷ. ಪಟ್ಟಿಗೆ ಸೇರಿದ ಕಟ್ಟಡವಾದರೆ ಅವಧಿಯೇ ಇಲ್ಲ. ಅಲ್ಲಿ ಅಪ್ಪಣೆಯಿಲ್ಲದೆ ಕಿಟಕಿ ಕಿತ್ತರೆ ಎರಡು ವರ್ಷದವರೆಗೆ ಸೆರೆವಾಸ. ಕಿತ್ತವನು ಮನೆ ಮಾರಿ ಸ್ಪೇನಿಗೆ ಹೋದರೂ, ಸರಿಪಡಿಸು ಎಂಬ ನೋಟಿಸು ಕೊಂಡವನ ಕೈಗೇ ಬರಬಹುದು. ಜನ್ಮಾಂತರದ ಕರ್ಮ ಹೇಗೆ ಅಂಟುತ್ತದೆ ಎಂದು ಸಂಶಯಪಡುವ ನಾಸ್ತಿಕರಿಗೆ 1990ರ ಈ ಕಾಯ್ದೆಯನ್ನು ಓದಲು ಕೊಡಬೇಕು.

ಈಗ ಪರಿಹಾಸ ಬದಿಗಿಟ್ಟು ಒಂದು ಮಾತು, ಶಾಸ್ತ್ರಕಾರರು ಕ್ಷಮಿಸಲಿ. ಕಾಯ್ದೆಗೆ ಕಾಣುವುದು ರೂಪ ಮಾತ್ರ. ಆದರೆ ಈ ಕಿಟಕಿಯ ಹೆಚ್ಚುಗಾರಿಕೆ ಇರುವುದು ಅದನ್ನು ಬಿಚ್ಚಬಹುದು ಎಂಬುದರಲ್ಲಿ. ಕೆಳಪಟ್ಟಿಯ ಮೂಲೆ ಕೊಳೆತರೆ ಬಡಗಿ ಕೊಳೆತಷ್ಟನ್ನೇ ಓರೆಯಾಗಿ ಕೊಯ್ದು, ಹೊಸ ಮರದ ತುಂಡನ್ನು ಅದೇ ಓರೆಗೆ ಕೂಡಿಸಿ, ಕೀಸುಳಿ ಹಾಕಿ ಬಣ್ಣ ಹೊಡೆದರೆ ಗೆರೆ ಕೂಡ ಕಾಣದು. ಗಾಜು ಒಡೆದರೆ ಗಾಜು, ಹಗ್ಗ ಹರಿದರೆ ಹಗ್ಗ. ಹಳೆಯ ನಿಧಾನ ಬೆಳವಣಿಗೆಯ ಪೈನ್ ಮರ ಇದಕ್ಕೆಲ್ಲ ತಲೆಬಾಗುತ್ತದೆ. ಪ್ಲಾಸ್ಟಿಕ್ಕಿನ ಚೌಕಟ್ಟು ಸೊಟ್ಟಗಾದರೆ ಅದಕ್ಕೆ ತೇಪೆ ಎಂಬುದಿಲ್ಲ, ಇಡೀ ಕಿಟಕಿ ತಿಪ್ಪೆಗೆ. ನಿರ್ವಹಣೆಯೇ ಬೇಡ ಎಂದು ಮಾರುತ್ತಾರಲ್ಲ, ಮಾಡಲಾಗದು ಎಂಬುದಕ್ಕೆ ಅದು ವ್ಯಾಪಾರದ ಭಾಷೆ. ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗಿನಿಂದ ಆ ಸಂಘದವರು ಹೇಳುತ್ತ ಬಂದಿರುವುದೂ ಇಷ್ಟೇ: ಕಿತ್ತು ಹೊಸದು ಮಾಡಬೇಡಿ, ಆಗಾಗ ನೋಡಿಕೊಳ್ಳಿ.

ಸಿದ್ಧಾಂತ. ಸ್ಕಾಟ್ಲೆಂಡಿನ ಪರಂಪರೆ ಇಲಾಖೆಗಾಗಿ ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯದವರು 2008ರಲ್ಲಿ ಹಳೆಯ ಸ್ಯಾಶ್ ಕಿಟಕಿಯನ್ನೇ ಪರೀಕ್ಷೆಗೆ ಕೂರಿಸಿ ಅಳೆದರು. ದಪ್ಪ ಪರದೆ ಎಳೆದರೆ ಗಾಜಿನಿಂದ ಸೋರುವ ಶಾಖ ಶೇ. 14 ಕಡಿಮೆ, ಒಳಗಿನ ಮರದ ಬಾಗಿಲು ಮುಚ್ಚಿದರೆ ಶೇ. 51, ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಸೆಕೆಂಡರಿ ಗ್ಲೇಜಿಂಗಿಗೆ ಶೇ. 63. ಭೇದಾಭೇದವಾದಿಗಳು ಗೆದ್ದರು. ಪಟ್ಟಿಗೆ ಸೇರದ ಮನೆಯಲ್ಲಿ ಇದು ಒಳಗಿನ ಕೆಲಸವಾದ್ದರಿಂದ ಪ್ಲಾನಿಂಗ್ ಅರ್ಜಿಯೂ ಬೇಡ, ಚಿಮಣಿ ನೋಡುವವರೂ ಬೇಡ.

ಗೃಹಸ್ಥನು ಹಾಗೆಯೇ ಮಾಡಿಸಿದನು. ಸಂದಿಗಳಿಗೆ ಬ್ರಷ್ ಪಟ್ಟಿ, ರಾಟೆಗೆ ಎಣ್ಣೆ, ಒಳಗೆ ಜಾರುವ ಎರಡನೆಯ ಗಾಜು. ಅಡುಗೆಮನೆಯದನ್ನು ಮಾತ್ರ ಹೆಂಡತಿ ಮುಟ್ಟಗೊಡಲಿಲ್ಲ.

ಬಾಗಿಲಿನ ಬಣ್ಣದ ವಿಚಾರವನ್ನು ಉತ್ತರಾರ್ಧದಲ್ಲಿ ಎತ್ತಿಕೊಳ್ಳುತ್ತೇವೆ. ಬಾತ್ ನಗರದ ರಾಯಲ್ ಕ್ರೆಸೆಂಟಿನಲ್ಲಿ 22ನೇ ನಂಬರಿನ ಮನೆಯೊಡತಿ 1970ರ ದಶಕದಲ್ಲಿ ತನ್ನ ಬಾಗಿಲಿಗೆ ಹಳದಿ ಬಳಿಸಿ, ಬಿಳಿಯೇ ಆಗಬೇಕೆಂದ ಕೌನ್ಸಿಲ್ಲಿನೊಡನೆ ಮಂತ್ರಿಗಳವರೆಗೂ ಹೋಗಿ ಗೆದ್ದು ಬಂದ ಪ್ರಕರಣವೇ ಅದರ ಮೊದಲ ಅಧಿಕರಣ.