‘ಸೆಕೆಂಡು ನನ್ನದು, ಗಂಟೆ ನಿಮ್ಮದು’

ನಿದ್ರಾ ಪರೀಕ್ಷೆಯ ಕೋಣೆಯಲ್ಲಿ ರೋಗಿಯೊಬ್ಬರನ್ನು ಬಿಟ್ಟು ಯಾರೂ ಮಲಗುವಂತಿಲ್ಲ. ಇಇಜಿ ನಕ್ಷೆಯ ತಳದಲ್ಲಿ ಉದ್ದಕ್ಕೂ ಕಾಲು ಚಾಚಿರುವ ಎಕ್ಸ್ ಅಕ್ಷಕ್ಕೆ ಮಾತ್ರ ವಿನಾಯಿತಿ. ಅದನ್ನೇ ಎಬ್ಬಿಸಿ ಮಾತಾಡಿಸಿದೆವು.

ಪ್ರ: ಅಕ್ಷದವರೇ, 16,230ನೇ ಸೆಕೆಂಡಿನಲ್ಲಿ ಮಿದುಳಿನ ಅಲೆಗಳು ಏಕಾಏಕಿ ಎದ್ದಿವೆ. ಆಗ ಗಂಟೆ ಎಷ್ಟು?

ಉ: ನನ್ನನ್ನು ಯಾಕೆ ಕೇಳ್ತೀರಿ? ನಾನು ಸೊನ್ನೆಯಿಂದ ಎಣಿಸ್ತಾ ಬಂದವನು. ಸೊನ್ನೆ ಎಷ್ಟು ಗಂಟೆಗೆ ಬಿತ್ತು ಅನ್ನೋದು ಈ ಅಲೆಗಳನ್ನು ಉಳಿಸಿಟ್ಟಿರೋ ಇಡಿಎಫ್ ಕಡತದ ಹೆಡರ್‌ನಲ್ಲಿದೆ, ನೋಡಿ.

ಪ್ರ: ಇದೆ, 22.47.30.

ಉ: ಕೂಡಿಸಿ. ನಾಲ್ಕೂವರೆ ಗಂಟೆ, ಮೇಲೆ 30 ಸೆಕೆಂಡು.

ಪ್ರ: 27 ಗಂಟೆ 18 ನಿಮಿಷ...

ಉ: ನಿಮ್ಮೂರಲ್ಲಿ ದಿನ ದೊಡ್ಡದಿರಬೇಕು! ತಾರೀಕನ್ನೂ ಹಿಡಿದು ಕೂಡಿಸಿದ್ರೆ ಮರುದಿನ ಬೆಳಗಿನ ಜಾವ 3.18 ಅಂತ ತಾನಾಗಿ ಬರ್ತಿತ್ತು.

ಪ್ರ: ನಮ್ಮ ಹುಡುಗನ ಪ್ರೋಗ್ರಾಂ 1970ರ ಜನವರಿ 1, ಬೆಳಿಗ್ಗೆ 10 ಗಂಟೆ ಅಂತ ತೋರಿಸ್ತು.

ಉ: ರೋಗಿ ಹುಟ್ಟಿದ್ದು ಯಾವಾಗ?

ಪ್ರ: 1991.

ಉ: ಹುಟ್ಟೋಕೆ ಮುಂಚೆನೇ ನಿದ್ದೆಗೆಟ್ಟಿದ್ದಾರೆ, ಪಾಪ. ಬರೀ ಸೆಕೆಂಡು ಕೊಟ್ರೆ ಕಂಪ್ಯೂಟರು 1970ರ ಮೊದಲ ದಿನದಿಂದ ಲೆಕ್ಕ ಹಿಡಿಯುತ್ತೆ, ಅದೂ ಗ್ರೀನ್‌ವಿಚ್ ಲೆಕ್ಕ. ಆಮೇಲೆ ಭಾರತದ ಐದೂವರೆ ಗಂಟೆ ಸೇರಿಸಿಕೊಳ್ಳುತ್ತೆ. ಹುಡುಗ ಶುರುವಿನ ಹೊತ್ತನ್ನೇ ಕೂಡಿಸಿಲ್ಲ. ಕೂಡಿಸುವಾಗ್ಲೂ ಹುಷಾರು: ಹೆಡರ್‌ನಲ್ಲಿರೋದು ರೋಗಿ ಮಲಗಿದ ಊರಿನ ಸ್ಥಳೀಯ ಕಾಲ. ಅದಕ್ಕೆ ಮತ್ತೆ ಐದೂವರೆ ಸೇರಿಸಿದ್ರೆ ಬೆಳಗಿನ ಜಾವ ಹೋಗಿ ತಿಂಡಿ ಹೊತ್ತಾಗುತ್ತೆ.

ಪ್ರ: ಹಾಗಾದರೆ 3.18 ಖಚಿತ ತಾನೆ?

ಉ: ಲೆಕ್ಕ ಖಚಿತ. ಗಂಟೆ ವಿಚಾರ ಬೇರೆ. ಗೋಡೆ ಗಡಿಯಾರ ಐದು ನಿಮಿಷ ಮುಂದೆ, ಸಿಬ್ಬಂದಿ ಬೇಗ ಬರಲಿ ಅಂತ. ಯಂತ್ರದ ಗಡಿಯಾರ ಏಳು ನಿಮಿಷ ಹಿಂದೆ, ಯಾಕೆ ಅಂತ ಕೇಳಬೇಡಿ. ಸಿಸ್ಟರ್ ಮೊಬೈಲ್ ನೋಡಿ ‘3.25, ರೋಗಿ ಎದ್ದು ಕೂತರು’ ಅಂತ ಬರೆದಿದ್ದಾರೆ. ನನ್ನ 3.18 ಬೇರೆ, ಸಿಸ್ಟರ್ 3.25 ಬೇರೆ ಅಂತ ಡಾಕ್ಟರು ಒಂದೇ ಎಚ್ಚರವನ್ನು ಎರಡು ಮಾಡಿ ವರದಿಗೆ ಸಹಿ ಹಾಕಿಯಾಯ್ತು.

ಪ್ರ: ಇದಕ್ಕೆಲ್ಲ ನಿಯಮ ಇಲ್ಲವೆ?

ಉ: ನಿಯಮಕ್ಕೇನು ಬರ? ಇಡಿಎಫ್ 1992ರದ್ದು, ವರ್ಷಕ್ಕೆ ಎರಡೇ ಅಂಕಿ ಜಾಗ. 85ರಿಂದ 99 ಬಂದ್ರೆ ಹಳೇ ಶತಮಾನ, 00ಯಿಂದ 84 ಬಂದ್ರೆ ಈ ಶತಮಾನ. 2084 ದಾಟಿದ ಮೇಲೆ ಆ ಜಾಗದಲ್ಲಿ ‘ವೈವೈ’ ಅಂತ ಬರೀಬೇಕು ಅನ್ನೋದೂ ಆಗಲೇ ತೀರ್ಮಾನವಾಗಿದೆ.

ಪ್ರ: ಮತ್ತೆ ಆ ಏಳು ನಿಮಿಷ?

ಉ: ಅದಕ್ಕೆ ಸರ್ವೀಸ್‌ನವರು ಬರಬೇಕಂತೆ.