ಮಂಜಿನ ಕಡಲಿನ ದಾಯಾದಿಗಳು

ಮಳೆಗಾಲ ಹಿಂದಾಯಿತೆಂದರೆ ಕಳಸದ ಕಡೆ ಬೆಳಗಿನ ಜಾವ ಕಣಿವೆಗಳೆಲ್ಲ ಮಂಜು ತುಂಬಿಕೊಂಡು ಕೂರುತ್ತವೆ. ನಮ್ಮ ಅಂಗಳದಲ್ಲಿ ನಿಂತು ನೋಡಿದರೆ ತೋಟವಿಲ್ಲ, ರಸ್ತೆಯಿಲ್ಲ, ಪಕ್ಕದ ಮನೆಯ ನಾಯಿಯಿಲ್ಲ, ಅದರ ಬೊಗಳುವಿಕೆ ಮಾತ್ರ ಇದೆ. ಆ ಬಿಳಿ ನೀರಿನಿಂದ ಕುದುರೆಮುಖ ಒಂದೇ ತಲೆಯೆತ್ತಿ ನಿಂತಿರುತ್ತದೆ. 'ದ್ವೀಪ ನೋಡೋಕೆ ಅಂಡಮಾನಿಗೇ ಹೋಗಬೇಕಾ?' ಎಂದರೆ, ಟಿಕೆಟ್ಟಿನ ದುಡ್ಡು ಉಳಿಸುವ ಮಾತಿದು ಎಂದು ಮನೆಯಾಕೆ ಕೂಡಲೇ ಪತ್ತೆಹಚ್ಚುತ್ತಾಳೆ.

ಹಕ್ಕಿಶಾಸ್ತ್ರದವರು ಮಾತ್ರ ನನ್ನ ಕಡೆ. ಘಟ್ಟದ ನೆತ್ತಿಯ ಶೋಲಾ ಕಾಡುಗಳನ್ನು ಅವರು 'ಆಕಾಶ ದ್ವೀಪ'ಗಳೆಂದೇ ಕರೆಯುತ್ತಾರೆ. ಅಲ್ಲಿಯ ನಿವಾಸಿ ನೀಲಿ ರಾಬಿನ್, ಗುಬ್ಬಿ ಗಾತ್ರದ ಹಾಡುಹಕ್ಕಿ. ಬಾಬಾಬುಡನ್‌ಗಿರಿ, ನೀಲಗಿರಿಗಳಲ್ಲಿರುವುದು ನೀಲಗಿರಿ ನೀಲಿ ರಾಬಿನ್; ಆನೆಮಲೆ, ಪಳನಿಗಳಲ್ಲಿರುವುದು ಬಿಳಿಹೊಟ್ಟೆಯ ನೀಲಿ ರಾಬಿನ್. ನಮ್ಮದರ ಪಕ್ಕೆ ಇಟ್ಟಿಗೆಗೆಂಪು, ಅವರದರ ಪಕ್ಕೆ ನೀಲಿಬೂದು, ಹುಬ್ಬಿನ ಬಿಳಿಯೂ ತುಸು ಢಾಳು. ಹೊಟ್ಟೆಯ ನಡು ಎರಡಕ್ಕೂ ಬಿಳಿಯೇ! ಆದರೂ ಆ ಹೆಸರು ತೆಂಕಣದ್ದರ ಪಾಲಿಗೇ ಹೋಗಿದ್ದು ಹಿಸ್ಸೆಯಲ್ಲಾದ ಅನ್ಯಾಯ ಎಂದೇ ನನ್ನ ತೀರ್ಪು. ಬಹುಕಾಲ ಎರಡೂ ಒಂದೇ ಖಾತೆಯಲ್ಲಿದ್ದವು. 2005ರಲ್ಲಿ ಒಂದು ಪುಸ್ತಕ ಪಾಲು ಮಾಡಿತು. 2017ರಲ್ಲಿ ವಂಶವಾಹಿ ನೋಡಿ 'ಶೋಲಿಕೋಲ', ಅಂದರೆ ಶೋಲಾವಾಸಿ, ಎಂಬ ಹೊಸ ಮನೆತನವನ್ನೇ ಕೊಟ್ಟರು. ಆ ಸಂಶೋಧಕರ ಪೈಕಿ ಮುಖ್ಯರ ಹೆಸರೂ ರಾಬಿನ್. ಹಕ್ಕಿಯ ಪುಣ್ಯ.

ದಾಯಾದಿಗಳ ನಡುವೆ ಗೋಡೆಯೇಳುವುದು ಲೋಕರೂಢಿ. ಇಲ್ಲಿ ಗೋಡೆ ಬಿದ್ದಿದ್ದೇ ತೊಂದರೆ. ನೀಲಗಿರಿ, ಆನೆಮಲೆಗಳ ನಡುವೆ ಪಾಲಕ್ಕಾಡಿನಲ್ಲಿ 30-40 ಕಿಲೋಮೀಟರ್ ಘಟ್ಟವೇ ಇಲ್ಲ. ಬಸ್ಸು ಗಂಟೆಯೊಳಗೆ ದಾಟುವ ಆ ಬಯಲನ್ನು ಈ ಹಕ್ಕಿ ಲಕ್ಷಾಂತರ ವರ್ಷಗಳಿಂದ ದಾಟಿಲ್ಲ. ರೆಕ್ಕೆಯಿದೆ, ಮನಸ್ಸಿಲ್ಲ. ತಂಪು, ನೆರಳು, ಒದ್ದೆ ತರಗೆಲೆ ಬಿಟ್ಟು ಅದು ಕದಲುವುದಿಲ್ಲ. ಬಿಸಿಲ ಬಯಲು ಅದಕ್ಕೆ ಸಮುದ್ರ. ಕಳಸದ ಎತ್ತರ ಸುಮಾರು 800 ಮೀಟರ್, ಅದು ವಾಸಿಸುವ ಘಟ್ಟದ ನೆತ್ತಿಗಿಂತ ಎಷ್ಟೋ ಕೆಳಗೆ. ಅಂದಮೇಲೆ ಅದರ ಲೆಕ್ಕದಲ್ಲಿ ನಾನು, ನನ್ನ ಕಾಫಿ, ಮೆಣಸಿನ ಬಳ್ಳಿ, ಆ ನಾಯಿ ಎಲ್ಲರೂ ನೀರಿನಡಿ.

ಒಮ್ಮೆ ಬಾಬಾಬುಡನ್‌ಗಿರಿಯಲ್ಲಿ ಅದನ್ನು ಹುಡುಕಿಕೊಂಡು ಹೋಗಿದ್ದೆ. ಪೊದೆಯೊಳಗಿಂದ ಸಣ್ಣ ಸಿಳ್ಳೆಯ ಹಾಡು ಕೇಳಿತು. ಉಸಿರು ಬಿಗಿಹಿಡಿದು ಕೂತೆ. ಹಕ್ಕಿ ಹೊರಬರಲಿಲ್ಲ, ಉಂಬಳಗಳು ಬಂದವು, ಎಣಿಸಿ ಹದಿನಾಲ್ಕು. ನೀವು ಹೋಗುವುದಾದರೆ ದುರ್ಬೀನು ಮರೆತರೂ ಸುಣ್ಣದ ಡಬ್ಬಿ ಮರೆಯಬೇಡಿ.